ಗುಡ್ಡದಂತೆ ಕಂಡ ಕುಂಕುಮ

ಮಿಯಾಪುರ, ಹೈದರಾಬಾದ್

ಪ್ರೀತಿಯ ಚಿಗವ್ವನಿಗೆ ಶೀತಲಳ ನಮಸ್ಕಾರ.

ನಮ್ಮ ಲ್ಯಾಬಿನ ಸೂಕ್ಷ್ಮದರ್ಶಕ ನೋಡುವುದಿಲ್ಲ, ಮುಟ್ಟುತ್ತದೆ. ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಇಂಗಾಲದ ನಳಿಕೆಯೇ ಅದರ ಬೆರಳ ತುದಿ. ಆಯುಧ ಪೂಜೆಯ ದಿನ ಅದರ ಮೈಗೆ ಕುಂಕುಮ ಹಚ್ಚಿಬಿಟ್ಟೆ. ಚಿಗಪ್ಪ ತೀರಿಕೊಂಡ ಮೇಲೆ ನೀನು ಹಚ್ಚುವುದು ಬಿಟ್ಟು ನನಗೆ ಕೊಟ್ಟ ಭರಣಿಯದು. ಮರುದಿನ ನೋಡಿದರೆ ಒಂದು ಕಣ ಒಳಗೆ ಉದುರಿ, ಪರದೆಯ ಮೇಲೆ ಗುಡ್ಡದಂತೆ ಎದ್ದಿತ್ತು. ನಳಿಕೆ ಅದಕ್ಕೆ ಡಿಕ್ಕಿ ಹೊಡೆದಿತ್ತು. ಮುರಿಯಿತೆಂದು ಅತ್ತುಬಿಟ್ಟೆ. ನಮ್ಮ ಲ್ಯಾಬಿನ ರಾಯಚೂರಿನ ಮೇಡಂ, “ಅಳಬ್ಯಾಡವ್ವ, ಬಾಗೇತಿ ಅಷ್ಟ. ಮತ್ತ ನೆಟ್ಟಗಾಗತೈತಿ” ಎಂದರು. ಹಾಗೆಯೇ ಆಯಿತು.

ನನ್ನ ಕೆಮ್ಮು ವಾಸಿಯಾಗಿದೆ. ದೀಪಾವಳಿಗೆ ಸಿಕಂದರಾಬಾದಿನಿಂದ ಟಿಕೆಟ್ ಆಗಿದೆ. ಕಾಗದದಲ್ಲಿ ಜಾಗ ಮುಗಿಯಿತು. ಬರುವಾಗ ಭರಣಿ ತರುತ್ತೇನೆ. ನಿನ್ನ ಹಣೆಗೆ ನಾನೇ ಹಚ್ಚುತ್ತೇನೆ, ಬೇಡ ಎನ್ನಬೇಡ.

ನಿನ್ನ ಶೀತಲ