ಕೈಗೆ ಕಟ್ಟುವ ಮೆಷಿನ್

3-2-1987, ಮಂಗಳವಾರ

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ. ತಪ್ಪಿದ್ದರೆ ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ, ಓದುವವರು ಯಾರೂ ಇಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ಒತ್ತಕ್ಷರ ಈಗಲೂ ಕೂರುವ ಕಡೆ ಕೂರುವುದಿಲ್ಲ. ಇವತ್ತು ಮಣಿಕಟ್ಟು ಬೇರೆ ಊದಿಕೊಂಡಿದೆ.

ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ಮೊದಲು ತಟ್ಟೆ ಹಾರಿ ಬಂತು. ಆಮೇಲೆ ಇವರು ಬಂದರು. ಕೈ ತಿರುಚಿ ಕತ್ತು ಹಿಡಿದು ಗೋಡೆಗೆ ಒತ್ತಿದರು.

ಇವರು ಗಣಿಯೊಳಗೆ ಡ್ರಿಲ್ ಮೆಷಿನ್ ಹಿಡಿಯುತ್ತಾರೆ. ಅದರ ಅದುರಾಟಕ್ಕೆ ಬೆರಳೆಲ್ಲ ಬಿಳಿಚಿಕೊಂಡು ಜೋಮು ಹಿಡಿದಿವೆ. ಬಿಸಿ ಲೋಟ ಹಿಡಿದರೂ ತಿಳಿಯುವುದಿಲ್ಲ.

"ಅವ್ನ ಕೈಗೆ ಗ್ಯಾನ ಇಲ್ಲ ಕಣೇ," ಎನ್ನುತ್ತಾರೆ ಅತ್ತೆ. "ನಮ್ ಸೀನ ಮನ್ಸಿಟ್ಟು ಒಡ್ಯಲ್ಲ."

ನನ್ನ ಬೆನ್ನಿಗೆ ಗ್ಯಾನ ಇದೆ.

8-2, ಭಾನುವಾರ

ಕನಕಮ್ಮ ಬಂದಿದ್ದಳು. ಮದರಾಸಿನಿಂದ ಫಾರಿನ್ ಸೀರೆ, ಸೆಂಟು, ಟಾರ್ಚು ತಂದು ಗಣಿಯವರ ಲೈನ್ ಮನೆಗಳಲ್ಲಿ ಮಾರುತ್ತಾಳೆ. ಅತ್ತೆ ಒಳಗಿರಲಿಲ್ಲ. ಬ್ಯಾಗ್ ಬಿಚ್ಚಲಿಲ್ಲ ಅವಳು. ನನ್ನ ಕತ್ತಿನ ಗುರುತು ನೋಡಿದಳು.

"ಏನ್ ಕಣೇ, ಮಕ್ಳಾಗ್ಲಿಲ್ಲ ಅಂತ ಒಡ್ದ್ನಾ?"

"ಉಪ್ಪು."

"ಒಡ್ದಾದ್ಮೇಲೆ ಅವ್ನೇ ಬಂದು ಪಕ್ದಾಗೆ ಮಲಗ್ತಾನಲ್ಲ?"

ಹೂಂ ಅಂದು ಸೆರಗು ಕತ್ತಿಗೆ ಎಳೆದುಕೊಂಡೆ.

"ಒಂದಿನಾನಾದ್ರೂ ನಿಂಗೆ ಸುಖ ಅಂತ ಆಗೈತಾ?"

ಅದು ಹೆಂಗಸರಿಗೂ ಇರುತ್ತದಾ ಅಂತ ಕೇಳಿಬಿಟ್ಟೆ. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಎದ್ದು ಹೋಗಿ ಬಾಗಿಲಾಚೆ ನೋಡಿ ಬಂದು ಕೂತಳು.

"ಇಪ್ಪತ್ನಾಲ್ಕು ವರ್ಷ ನಿಂಗೆ. ಮದ್ವೆಯಾಗಿ ನಾಕು ವರ್ಷ. ಅಯ್ಯೋ ಪಾಪೀ..." ಅಂದು ಕಿವಿಗೆ ಬಾಯಿಟ್ಟಳು. ಅದುರುವ ಮೆಷಿನ್ ಬರುತ್ತವಂತೆ. ಕಾಲು ನೋವು, ಬೆನ್ನು ನೋವು ಅಂತ ಹೇಳಿ ಮಾರುತ್ತಾರಂತೆ. ತಿಳಿದವರು ತಿಳಿದ ಕಡೆ ಇಟ್ಟುಕೊಳ್ಳುತ್ತಾರಂತೆ.

ಕಿವಿ ಕಾದ ಹೆಂಚಿನ ಹಾಗೆ ಆಯಿತು. ಹೋಗು ಅಂದೆ. ಹೋದಳು. ಬಂಗಾರಪೇಟೆಯಲ್ಲಿ ಅವಳ ಮನೆ ಎಲ್ಲಿ ಅಂತ ಬಾಗಿಲಲ್ಲಿ ನಿಂತು ನಾನೇ ಕೇಳಿದೆ.

16-2, ಸೋಮವಾರ

ತವರಿಗೆ, ಕಾಮಸಮುದ್ರಕ್ಕೆ ಅಂತ ಹೇಳಿ ರೈಲು ಹತ್ತಿದೆ. ಬಂಗಾರಪೇಟೆಯಲ್ಲಿ ಇಳಿದವಳು ಬಸ್ಸಿಗೆ ಹೋಗಲಿಲ್ಲ. ಸ್ಟೇಷನ್ ಹಿಂದಿನ ಗಲ್ಲಿ. ಕನಕಮ್ಮ ಚಾಪೆ ಹಾಸಿ ಎರಡು ಮೆಷಿನ್ ಇಟ್ಟಳು.

ಒಂದು ಬಿಳೀದು, ಮೊಂಬತ್ತಿಯಷ್ಟು ಉದ್ದ. ಸೆಲ್ಲು ಹಾಕಬೇಕು. ಇನ್ನೊಂದು ಸಲೂನಿನಲ್ಲಿ ತಲೆ ತಿಕ್ಕಲು ಕೈಗೆ ಕಟ್ಟಿಕೊಳ್ಳುತ್ತಾರಲ್ಲ, ಅಂಥದ್ದು. ಕಬ್ಬಿಣ. ಕರೆಂಟಿನದು. ಸ್ಪ್ರಿಂಗ್ ಪಟ್ಟಿಯೊಳಗೆ ಕೈ ತೂರಿಸಿದರೆ ಮುಂಗೈ ಮೇಲೆ ಕೂರುತ್ತದೆ.

"ಬಿಳೀದು ತಗೋ. ಜಾಕೀಟ್ನಾಗೆ ಬಚ್ಚಿಡಬೋದು. ಶೋಕಿ."

ಬಿಳೀದನ್ನು ಅಂಗೈಯಲ್ಲಿ ಹಿಡಿದೆ. ಬೆಂಕಿಪೊಟ್ಟಣದೊಳಗೆ ಜೀರುಂಡೆ ಬಿಟ್ಟ ಹಾಗಿತ್ತು. ಸಿಕ್ಕಿಬಿದ್ದರೆ ಇದನ್ನು ಏನು ಅಂತ ಹೇಳಲಿ? ಇನ್ನೊಂದನ್ನು ಕಟ್ಟಿಕೊಂಡು ಸ್ವಿಚ್ ಹಾಕಿದೆ. ಬೆರಳ ತುದಿವರೆಗೂ ನನ್ನ ಕೈಯೇ ಝುಂ ಅಂತು. ಎಡಗೆನ್ನೆ ಮುಟ್ಟಿಕೊಂಡೆ. ಇವರ ಏಟು ಬೀಳುವ ಜಾಗ. ಅಲ್ಲೇ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

"ಮುಖಕ್ಕಲ್ಲ ಕಣೇ ಅದು," ಅಂದಳು ಕನಕಮ್ಮ.

"ಇದೇ ಸಾಕು."

"ತೂಕ ನೋಡು. ಗುದ್ಲಿ ಹಿಡ್ಕೊಂಡಂಗೈತೆ."

"ಇದೇ."

ಅಮ್ಮ ಕೊಟ್ಟಿದ್ದ ಕಾಲ್ಗೆಜ್ಜೆ ಕೊಟ್ಟು ತಂದೆ.

20-2

ಅತ್ತೆ ಆಂಡರ್ಸನ್‌ಪೇಟೆ ಬಜಾರಿಗೆ ಹೋಗಿದ್ದರು. ಇವರು ಬೆಳಗಿನ ಶಿಫ್ಟ್. ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಮೊದಲು ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ... ನಾಲ್ಕನೇ ಕ್ಲಾಸಿನಲ್ಲಿ ಇದಕ್ಕೆ ಪದ ಹೇಳಿಕೊಟ್ಟಿಲ್ಲ. ಕಾಲು ನಡುಗಿ ಅಳು ಬಂತು. ನೋವಿಲ್ಲದೆ ಅತ್ತಿದ್ದು ಇದೇ ಮೊದಲು.

9-3

ನಡೆಯುವಾಗ ಹಾಡಿಕೊಳ್ಳುತ್ತಿದ್ದೆನಂತೆ. "ಯಾವನ್ನ ನೆನೆಸ್ಕೊಂಡ್ಲೇ ಆಡ್ತಿದ್ದೀಯ?" ಬೆಲ್ಟಿನಲ್ಲಿ ಹೊಡೆದರು. ಬಕಲ್ ಕಡೆಯಿಂದ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಆರಿಸುತ್ತಲೇ ಇದ್ದರು.

27-3, ಶುಕ್ರವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಮೆಷಿನ್ ಕೈಯಲ್ಲಿದ್ದಾಗಲೇ ಕರೆಂಟ್ ಹೋಯಿತು. ಅಷ್ಟರಲ್ಲಿ ಅತ್ತೆ ಬಂದ ಸದ್ದು. ಹಾಗೇ ಹಲಗೆ ಮೇಲಿನ ಹಿತ್ತಾಳೆ ಬಿಂದಿಗೆಗಳ ಹಿಂದೆ ತಳ್ಳಿದೆ. ಪ್ಲಗ್ ಕೀಳಲಿಲ್ಲ. ಸ್ವಿಚ್ ಮರೆತೆ. ಇವರು ಶಿಫ್ಟ್ ಮುಗಿಸಿ ಬಂದು ಉಂಡು ಹೊರಗಿನ ಕೋಣೆಯಲ್ಲಿ ಮಲಗಿದರು. ನಾನು ನಲ್ಲಿಗೆ ಹೋದೆ.

ನಲ್ಲಿ ಹತ್ತಿರ ಇದ್ದಾಗ ಅತ್ತೆಯ ಕೂಗು ಕೇಳಿತು. "ಏರ್ ಬ್ಲಾಸ್ಟ್! ಎಲ್ರೂ ಈಚೆಗ್ ಬನ್ರೋ!"

ಕರೆಂಟ್ ಬಂದಿದೆ. ಹಲಗೆ ಮೇಲೆ ಮೆಷಿನ್ ಓಡಿ ಬಿಂದಿಗೆಗಳೆಲ್ಲ ಗಲಗಲ ಅಂದಿವೆ. ಈ ಊರಲ್ಲಿ ಪಾತ್ರೆ ಗಲಗಲ ಅಂದರೆ ಗಣಿಯೊಳಗೆ ಬಂಡೆ ಸಿಡಿಯಿತು ಅಂತಲೇ ಅರ್ಥ. ಲೈನಿಗೆ ಲೈನೇ ಬೀದಿಗೆ ಬಂತು. ಗಂಡ ಶಿಫ್ಟಿನಲ್ಲಿದ್ದ ಹೆಂಗಸರು ಬರಿಗಾಲಲ್ಲಿ ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿದರು.

ಇವರು ಓಡಲಿಲ್ಲ. ನೆಲದ ಅದುರಾಟ ಕೈಗೆ ತಿಳಿಯುವುದಿಲ್ಲವಲ್ಲ, ಬೀದಿಯಲ್ಲೇ ಮಲಗಿ ನೆಲಕ್ಕೆ ಕೆನ್ನೆ ಇಟ್ಟರು. "ನೆಲ ಸುಮ್ಕೈತೆ," ಅಂದು ಒಳಗೆ ಹೋದರು. ನಾನು ಕೊಡ ಬಿಸಾಕಿ ಹಿಂದೆ ಓಡಿದೆ.

ಮೆಷಿನ್ ಅವರ ಕೈಯಲ್ಲಿ ಓಡುತ್ತಿತ್ತು.

"ಏನ್ಲೇ ಇದು?"

"ಭುಜದ ನೋವಿಗೆ."

"ಭುಜಕ್ಕಾದ್ರೆ ಬಚ್ಚಿಡೋದ್ಯಾಕ್ಲೇ?" ನನ್ನ ಮುಖ ನೋಡಿದರು. ಅರ್ಥವಾಯಿತು ಅವರಿಗೆ. "ನಾನ್ ಸತ್ತೋಗಿದ್ನೇನೇ?"

ಕೂದಲು ಹಿಡಿದು ಕೆಡವಿದರು. ಬಲಗೈಯನ್ನು ಹಿಮ್ಮಡಿಯಲ್ಲಿ ತುಳಿದರು. ಒಳಗೆ ಕಡ್ಡಿ ಮುರಿದ ಸದ್ದು. ಪ್ಲಗ್ ಕಿತ್ತು ವೈರನ್ನು ನನ್ನ ಕತ್ತಿಗೆ ಸುತ್ತಿ ಎಳೆದರು. ಕಣ್ಣ ಮುಂದೆ ಹಳದಿ, ಆಮೇಲೆ ಕಪ್ಪು. ಎಡಗೈಗೆ ಸಿಕ್ಕಿದ್ದು ಅದೇ ಕಬ್ಬಿಣ. ಅವರ ಕಿವಿ ಮೇಲೆ ಹೊಡೆದೆ. ವೈರು ಸಡಿಲವಾಯಿತು. ಎರಡನೇ ಏಟು ಬೇಕಾಗಿರಲಿಲ್ಲ. ಹೊಡೆದೆ.

ಪಕ್ಕದ ಮನೆಯ ಕುಪ್ಪುಸ್ವಾಮಿ ಬಾಗಿಲಲ್ಲಿ ಬಂದು ನಿಂತಾಗ ನೆಲವೆಲ್ಲ ರಕ್ತ. ನಾನು ಸೆರಗಿನಲ್ಲಿ ಮೆಷಿನ್ ಮುಚ್ಚಿಕೊಂಡಿದ್ದೆ.

"ಎನ್ನಾಚ್ಚು ಸೀನಾ, ಏನಾಯ್ತು?"

ಇವರು ನನ್ನ ಕಡೆ ನೋಡಿದರು. ಹೆಂಡತಿ ಹೊಡೆದಳು ಅಂತ ಡ್ರಿಲ್ ಹಿಡಿಯುವ ಗಂಡಸು ಈ ಲೈನಿನಲ್ಲಿ ಹೇಳುವ ಹಾಗಿಲ್ಲ.

"ಬ್ಲಾಸ್ಟ್‌ಗೆ ಬಿಂದ್ಗೆ ಬಿತ್ತಣ್ಣ," ಅಂದರು.

"ನಾನ್ ಏಳ್ಲಿಲ್ವಾ?" ಅತ್ತೆ ಎದೆ ಬಡಿದುಕೊಂಡರು. "ಮುದ್ಕಿ ಮಾತು ಸುಳ್ಳಾಯ್ತದಾ?"

2-4, ಗುರುವಾರ

ಆಸ್ಪತ್ರೆಯಿಂದ ಬಂದಿದ್ದಾನೆ. ತಲೆಗೆ ಬಟ್ಟೆ. ನನ್ನ ಕೈಗೆ ಪಟ್ಟಿ ಹಾಕಿದ್ದಾರೆ, ಎರಡು ಬೆರಳು ನೆಟ್ಟಗಾಗುವುದಿಲ್ಲವಂತೆ.

"ಅದನ್ನ ಬಾವಿಗ್ ಆಕು. ಇಲ್ಲಾ ನೀನೇ ಬೀಳು."

"ಆಕಲ್ಲ."

ಎದ್ದು ಕೈ ಎತ್ತಿದ. ನಾನು ಕಣ್ಣು ಕೆಳಗೆ ಹಾಕಲಿಲ್ಲ. "ಕುಪ್ಪುಸ್ವಾಮಣ್ಣಂಗೆ ಇನ್ನೊಂದ್ಸಲ ಬ್ಲಾಸ್ಟ್ ಅಂತೀರಾ?"

ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಬಿಂದಿಗೆ ಒದ್ದು ಆಚೆ ಹೋದ. ಬಿಂದಿಗೆ ಎತ್ತಿ ಹಲಗೆ ಮೇಲಿಟ್ಟೆ. ಮತ್ತೆ ಬರುತ್ತಾನೆ. ಕುಡಿದು ಬರುತ್ತಾನೆ. ಗೊತ್ತು.

9-4

ಅವನು ಮತ್ತೆ ಶಿಫ್ಟಿಗೆ ಹೋಗಿದ್ದಾನೆ. ಒಳಕೋಣೆಗೆ ಒಳಗಿನಿಂದ ಚಿಲಕ ಅಂತ ಈ ಮನೆಯಲ್ಲಿ ಯಾವತ್ತೂ ಇರಲಿಲ್ಲ. ನಿನ್ನೆ ಆಂಡರ್ಸನ್‌ಪೇಟೆಯಿಂದ ಒಂದು ತಂದೆ. ದಪ್ಪದ್ದು.

"ಕಟ್ಕೊಂಡ್ ಗಂಡನ್ನ ಈಚೆಗಾಕಿ ಬಾಗ್ಲಾಕ್ಕೊಂತೀಯೇನೇ?" ಅತ್ತೆ ಕೇಳಿದರು.

"ಊಂ."

ಇವತ್ತು ಬೆಳಿಗ್ಗೆ ಎಡಗೈಯಲ್ಲೇ ಮೊಳೆ ಹೊಡೆದು ಕೂರಿಸಿದೆ. ಒಂದು ಸೊಟ್ಟಗೆ ಹೋಯಿತು. ಸುತ್ತಿಗೆ ಗಂಡನದೇ, ಸೀನಪ್ಪನದೇ.