ಕರಿ ಚೀಲ ಕಂಡರೆ ಊದು

ಲೆನಿನ್‌ಗ್ರಾದ್, ಮಾರ್ಚ್ 1931

ಅಕ್ಕಾ,

ಈ ಕಾರ್ಡು ಅಂಚೆಯವರ ಕಣ್ಣಿಗೆ ಬೀಳಬಾರದು ಅಂತ ಊರಿಗೆ ಹೊರಟಿರುವ ಲುಕೇರ್ಯಾ ಅತ್ತೆಯ ಕೈಯಲ್ಲಿ ಕೊಟ್ಟಿದ್ದೇನೆ.

ನಮ್ಮ ಹೊಸ ಬ್ಯಾಲೆ ಅಧಿಕಾರಿಗಳನ್ನು ಗೇಲಿ ಮಾಡುವಂಥದ್ದು. ಅಧಿಕಾರಿಯ ವೇಷದವನು ಇಡುವ ಒಂದೊಂದು ಹೆಜ್ಜೆಗೂ ನನ್ನ ಟ್ರೊಂಬೋನ್ ಹಂದಿಯ ಹಾಗೆ ಗುರುಗುಟ್ಟಬೇಕು. ವಾದ್ಯದವರು ಕೂರುವ ಗುಂಡಿಯಿಂದ ನನಗೆ ಅವನ ಮುಖ ಕಾಣುವುದಿಲ್ಲ. "ಅವನ ಕೈಲಿರೋ ಕರಿ ಚೀಲ ಕಂಡ್ರೆ ಊದಪ್ಪಾ, ಯೋಚ್ನೆ ಮಾಡ್ತಾ ಕೂರಬೇಡ" ಅಂತ ನಮ್ಮ ವಾದ್ಯಮೇಳದ ಮೇಷ್ಟ್ರು ಹೇಳಿದ್ದರು.

ನಿನ್ನೆ ಕಾರ್ಖಾನೆಯ ಜನರ ಮುಂದೆ ಆಟದ ಪರೀಕ್ಷೆ. ಅವರು ಕೈ ಎತ್ತಿ ಒಪ್ಪಿದರೆ ಮಾತ್ರ ಆಟ ಉಳಿಯುತ್ತದೆ. ಓರೆಗಣ್ಣಿಗೆ ಕರಿ ಚೀಲ ಬಿದ್ದದ್ದೇ ತಡ, ಊದಿಬಿಟ್ಟೆ. ಅದು ವೇದಿಕೆಯ ಚೀಲವಲ್ಲ. ಮಂಜೂರಾತಿ ಸಮಿತಿಯ ಅಧ್ಯಕ್ಷರು ತಡವಾಗಿ ಬಂದು, ತಮ್ಮ ಕರಿ ಚೀಲ ಹಿಡಿದು ಬೆಂಚುಗಳ ನಡುವೆ ನಡೆಯುತ್ತಿದ್ದರು. ಅವರ ನಾಲ್ಕು ಹೆಜ್ಜೆಗೂ ಗುರುಗುಟ್ಟಿದೆ. ಜನ ಬಿದ್ದು ಬಿದ್ದು ನಕ್ಕರು. ಅಧ್ಯಕ್ಷರು ನಿಂತರು, ನಗುವೂ ನಿಂತಿತು.

"ಯಾಕಪ್ಪಾ ನಿಲ್ಲಿಸ್ದೆ? ಊದು" ಅಂದರು.

ಅವರು ಕುರ್ಚಿ ಮುಟ್ಟುವವರೆಗೂ ಹೆಜ್ಜೆ ಹೆಜ್ಜೆಗೆ ಊದಿದೆ. ಈ ಸಲ ಒಬ್ಬರೂ ನಗಲಿಲ್ಲ.

ಆಟ ಮುಗಿದ ಮೇಲೆ ಅವರೇ ಗುಂಡಿಯ ಅಂಚಿಗೆ ಬಂದು ನನ್ನ ಹೆಸರು ಬರೆದುಕೊಂಡರು. "ಊರಲ್ಲಿ ಯಾರ್ಯಾರಿದಾರೆ?" ಅಂತ ನಿಧಾನವಾಗಿ ಕೇಳಿದರು.

"ಯಾರೂ ಇಲ್ಲ" ಅಂದೆ.

ತುಟಿ ಒಡೆದಿರುವುದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಉಣ್ಣೆ ಬೂಟು ಕಳಿಸಬೇಡ, ಕಾಗದವನ್ನೂ ಬರೆಯಬೇಡ. ಇದನ್ನು ಓದಿ ಒಲೆಗೆ ಹಾಕು. ನಾನು ಸಹಿ ಮಾಡುವುದಿಲ್ಲ. ಯಾರಾದರೂ ಬಂದು ಕೇಳಿದರೆ, ನಿನಗೂ ತಮ್ಮ ಅಂತ ಯಾರೂ ಇಲ್ಲ.