ಬೂಟು ಮಗುಚಿ ನೋಡಿದ ಮೇಷ್ಟ್ರಿಗೆ

ಮೇಷ್ಟ್ರೇ,

ಕ್ಷೇಮವೇ ಅಂತ ಕೇಳುವ ಹಾಗಿಲ್ಲ. ಆಶೀರ್ವಾದ ಬೇಡುವ ಮನಸ್ಸೂ ಮೊನ್ನೆಮೊನ್ನೆಯವರೆಗೆ ಇರಲಿಲ್ಲ. ನಿಮ್ಮ ಮೇಲೆ ನನಗೆ ಅನುಮಾನ ಬಂದಿತ್ತು. ಸಣ್ಣಪುಟ್ಟ ಅನುಮಾನವಲ್ಲ, ನೀವು ಜನರ ಎಣಿಕೆಯನ್ನು ಬೇಕೆಂದೇ ತಿದ್ದಿದಿರಿ ಅನ್ನುವ ಅನುಮಾನ. ಹದಿನಾಲ್ಕು ವರ್ಷ ನಿಮ್ಮ ಕೈಕೆಳಗೆ ಕೆಲಸ ಕಲಿತವಳು, ಮಂಡಾಯಿಯ ಚಿತಾಗಾರದಲ್ಲಿ ನಿಮ್ಮನ್ನು ಕಳಿಸಿಕೊಡುವಾಗ ನಿಮ್ಮ ಹೆಂಡತಿ ಕಮಲಾ ಆಂಟಿಗಿಂತ ಜೋರಾಗಿ ಅತ್ತು ಅವರಿಂದಲೇ ಸಮಾಧಾನ ಹೇಳಿಸಿಕೊಂಡವಳು, ವರ್ಷ ತುಂಬುವುದರೊಳಗೆ ಹೀಗೆ ಯೋಚಿಸಬಹುದೇ ಅಂತ ನೀವು ಕೇಳಬಹುದು. ಆದರೆ ಅನುಮಾನ ಪಡುವುದನ್ನು ನನಗೆ ಕಲಿಸಿದ್ದು ಯಾರು?

ಟೋವಾ ಪಾಯೋದ ನಮ್ಮ ಆಫೀಸಿಗೆ ನಾನು ಸೇರಿದ ಮೊದಲ ವಾರ ನೆನಪಿದೆಯೇ? ಹಾಕರ್ ಸೆಂಟರಿನಲ್ಲಿ ಊಟ ಮುಗಿಸಿ ಆಫೀಸಿಗೆ ಹೋಗುವ ಬದಲು ಪಕ್ಕದ ಬ್ಲಾಕಿನ ಲಿಫ್ಟು ಹತ್ತಿಸಿದಿರಿ. ಒಂಬತ್ತನೇ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಒಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿ, “ಈ ಮನೇಲಿ ಎಷ್ಟು ಜನ ಇದಾರೆ ಹೇಳಮ್ಮ. ಬೆಲ್ ಮಾತ್ರ ಒತ್ತಬಾರದು” ಅಂದಿರಿ. ನಾನು ಚಪ್ಪಲಿ ಸ್ಟ್ಯಾಂಡು ನೋಡಿ ಐದು ಅಂದೆ. ನೀವು ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಜೋಡಿ ಮಗುಚಿ ತೋರಿಸಿದಿರಿ. ಮೂರು ಜೋಡಿಯ ಅಟ್ಟೆಯ ಮೇಲೆ ಒಣಧೂಳು, ಒಂದರೊಳಗೆ ಜೇಡರಬಲೆ. ಎರಡರಲ್ಲಿ ಮಾತ್ರ ಬೆಳಗಿನ ಮಳೆಯ ಒದ್ದೆ. “ಇಬ್ರು. ಅಟ್ಟೆ ಒದ್ದೆ ಇದ್ರೆ ಇದಾರೆ ಅಂತ ಬರಿ, ಒಣಗಿದ್ರೆ ಹೋದ್ರು ಅಂತ ಬರಿ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮಜ್ಜಿ ಹೇಳೋರು.” ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬ ಚೀನೀ ಅಜ್ಜಿ, “ವೈ ಯೂ ಟಚ್ ಮೈ ಶೂ ಆಹ್?” ಅಂತ ಕಿರುಚಿದಳು. ನಾನು ಮೆಟ್ಟಿಲಿಳಿದು ಓಡಿದೆ. ನೀವು ಅಲ್ಲೇ ನಿಂತು ಅವಳ ಹತ್ತಿರ ಚಹಾ ಕುಡಿದು ಬಂದಿರಿ.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರಾದರೂ ನಮ್ಮ ಕೆಲಸದ ಬಗ್ಗೆ ಕೇಳಿದರೆ ನಿಮಗೆ ಎಲ್ಲಿಲ್ಲದ ಹುರುಪು. ಭೂಮಿಯ ನೆತ್ತಿಯ ಮೇಲೆ ಹಿಮ ಕರಗುತ್ತಿದೆ, ನಾಳೆ ಹಡಗುಗಳು ನಮ್ಮ ಜಲಸಂಧಿ ಬಿಟ್ಟು ಆ ದಾರಿ ಹಿಡಿದಾವು, ಅದಕ್ಕೇ ಅಲ್ಲಿ ಬಂದರು ಕಟ್ಟಬೇಕೆನ್ನುವವರು ನಮ್ಮನ್ನು ಕೇಳುತ್ತಾರೆ: ಆ ಊರುಗಳಲ್ಲಿ ಜನ ಉಳಿದಿದ್ದಾರೆಯೇ, ದುಡಿಯುವವರು ಸಿಗುತ್ತಾರೆಯೇ? ನಾವು ಹೋಗಿ ಮನೆಮನೆ ಎಣಿಸಿ ಹೇಳುತ್ತೇವೆ ಅನ್ನುತ್ತಿದ್ದಿರಿ. ಬ್ಯಾಂಕಿನ ಅಂಕಲ್ ಒಬ್ಬರು, “ಅಲ್ಲಾ ಸಾರ್, ಆ ಫ್ರೀಜರ್ ಒಳಗೆ ಯಾರಿದ್ರೆ ನಿಮಗೇನು?” ಅಂತ ನಕ್ಕಿದ್ದರು. ನೀವು ಒಬ್ಬಟ್ಟಿನ ತಟ್ಟೆ ಕೆಳಗಿಟ್ಟು, “ಊರು ಖಾಲಿ ಆಗೋದು ಎಲ್ಲಾ ಕಡೇನೂ ಒಂದೇ ಥರ ರೀ. ಮೊದಲು ಹೆಣ್ಮಕ್ಕಳು ಓದೋಕೆ ಅಂತ ಹೋಗ್ತಾರೆ, ಆಮೇಲೆ ಗಂಡುಮಕ್ಕಳು ಕೆಲಸಕ್ಕೆ ಅಂತ ಹೋಗ್ತಾರೆ, ಆಮೇಲೆ ಸ್ಕೂಲು ಹೋಗುತ್ತೆ. ಸ್ಕೂಲು ಹೋದ್ಮೇಲೆ ಮುಗೀತು” ಅಂದಿರಿ. ಅಂಕಲ್ ಮೆಲ್ಲಗೆ ಹೋಳಿಗೆಯ ಎರಡನೇ ಸುತ್ತಿಗೆ ಹೊರಟರು.

ಈ ವರ್ಷ ಮಾರ್ಚಿನಲ್ಲಿ ನೀವು ಹಿಂದೆ ಎಣಿಸಿ ಬಂದಿದ್ದ ಆ ಉತ್ತರದ ಊರಿನ ಮರುಎಣಿಕೆ ನನ್ನ ಪಾಲಿಗೆ ಬಂತು. ಊರಿನ ಹೆಸರು ಬರೆಯುವುದಿಲ್ಲ. ಈ ಕಾಗದ ಯಾರ ಕೈಗೆ ಸಿಗುತ್ತದೋ ಏನೋ. ಗಣಿ ಮುಚ್ಚಿ, ಮೀನಿನ ಕಾರ್ಖಾನೆ ಒಂದೇ ಉಳಿದ ಊರು ಅಂದರೆ ನಿಮಗೆ ಸಾಕು. ನಿಮ್ಮ ವರದಿಯನ್ನೂ ಅಲ್ಲಿನ ಪಂಚಾಯಿತಿಯ ನೋಂದಣಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಪ್ರತಿ ಮೂರನೆಯ ಮನೆಯಲ್ಲಿ ನಿಮಗೆ ನೋಂದಣಿಗಿಂತ ಒಬ್ಬ ಹೆಚ್ಚು ಸಿಕ್ಕಿದ್ದಾನೆ! ಬಂದುಹೋಗುವ ಕೆಲಸಗಾರರು ನೋಂದಣಿಯಲ್ಲಿ ಸೇರಿಲ್ಲ ಅಂತ ನೀವು ಒಂದು ಸಾಲು ಬರೆದಿದ್ದಿರಿ. ಆದರೆ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಅಂಥ ಒಬ್ಬ ಕೆಲಸಗಾರನ ಹೆಸರೂ ಇಲ್ಲ. ಬಂದರು ಬೇಕೆನ್ನುವವರಿಗೆ ಜನ ಹೆಚ್ಚಿದ್ದಷ್ಟೂ ಲಾಭ. ಹಾಗಾದರೆ ನೀವು ಯಾರಿಗೋಸ್ಕರ…

ಆಗಲೇ ನನಗೆ ಆ ಕೋಟು ನೆನಪಾಯಿತು. ಬುಕಿತ್ ಬಾಟೋಕಿನ ನಿಮ್ಮ ಮನೆಯ ಬಾಗಿಲ ಹಿಂದೆ, ಛತ್ರಿಗಳ ಪಕ್ಕ, ದಪ್ಪನೆಯ ನೀಲಿ ಕೋಟೊಂದು ನೇತಾಡುತ್ತಿತ್ತಲ್ಲ. ಎದೆಯ ಮೇಲೆ ಆ ಊರಿನ ಗಣಿ ಕಂಪನಿಯ ಬಿಲ್ಲೆ. ಅದೇ ಕಂಪನಿಯೇ ಈಗ ಬಂದರು ಕಟ್ಟಲು ಹೊರಟಿರುವುದು. ಹಿಂದೊಮ್ಮೆ ನಾನು, “ಇದೆಲ್ಲಿಂದ ಸರ್?” ಅಂದಾಗ ನೀವು, “ಕೊಟ್ರಮ್ಮ, ಇಸ್ಕೊಂಡೆ” ಅಂದು ಟಿವಿಯ ಸದ್ದು ಹೆಚ್ಚಿಸಿದ್ದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು ನನಗೆ, ಇಷ್ಟು ವರ್ಷಗಳ ಮೇಲೆ. ಹೊಸ ವರದಿಯಲ್ಲಿ, ಹಿಂದಿನ ಎಣಿಕೆ ನಂಬಲರ್ಹವಲ್ಲ ಅಂತ ಒಂದು ಸಾಲು ಬರೆದರೆ ಸಾಕು, ನಿಮ್ಮ ಹೆಸರು ನಮ್ಮ ಕಸುಬಿನಲ್ಲಿ ಮಣ್ಣುಪಾಲಾಗುತ್ತಿತ್ತು. ಬರೆಯದೆ ಬಿಟ್ಟರೆ ನಾನೂ ಅದೇ ಕಳ್ಳತನದ ಪಾಲುದಾರಳು. ಸೆಂಬವಾಂಗಿನ ನನ್ನ ಮನೆಯಿಂದ ಆಫೀಸಿಗೆ ಬರುವ ಎಂಆರ್‌ಟಿ ರೈಲಿನಲ್ಲಿ ವಾರಗಟ್ಟಲೆ ಆ ಒಂದು ಸಾಲನ್ನು ಬರೆದೆ, ಅಳಿಸಿದೆ. ಕೊನೆಗೆ ಕಣ್ಣಾರೆ ನೋಡಿಯೇ ಬರುತ್ತೇನೆ ಅಂತ ಟಿಕೆಟ್ ಬುಕ್ ಮಾಡಿಸಿದೆ.

ಜೂನಿನಲ್ಲಿ ಹೋದೆ. ಸೂರ್ಯ ಮುಳುಗದ ಊರಿನಲ್ಲಿ ನಿಮಗೆ ನಿದ್ದೆ ಹೇಗೆ ಬರುತ್ತಿತ್ತೋ ಕಾಣೆ. ನನ್ನಂಥ ಅನುಮಾನದ ಪ್ರಾಣಿಗೆ ಅಲ್ಲಿ ಹಬ್ಬ. ಮೊದಲ ದಿನ ಮೋಡ ಕವಿದಿತ್ತು, ಬೀದಿಯ ತುಂಬ ಕಿಟಕಿಗಳಲ್ಲಿ ದೀಪ ಕಂಡು ಪರವಾಗಿಲ್ಲ, ಜನ ಇದ್ದಾರೆ ಅಂದುಕೊಂಡೆ. ಎರಡನೇ ದಿನ ನೋಡಿದರೆ ಆ ದೀಪಗಳೆಲ್ಲ ಒಂದೇ ಗಳಿಗೆಗೆ ಹತ್ತಿ ಒಂದೇ ಗಳಿಗೆಗೆ ಆರುತ್ತವೆ. ದಕ್ಷಿಣದ ಪಟ್ಟಣದವರು ರಜೆಗೆಂದು ಕೊಂಡ ಮನೆಗಳಂತೆ, ದೀಪಕ್ಕೆ ಟೈಮರ್ ಹಾಕಿಟ್ಟು ಹೋಗಿದ್ದಾರೆ. ಮೀನಿನ ಕಾರ್ಖಾನೆಯಲ್ಲಿ ದುಡಿಯುವವರು ಬೇರೆ ದೇಶದವರು, ಮೂರು ತಿಂಗಳಿಗೆ ಬರುತ್ತಾರೆ, ಹೋಗುತ್ತಾರೆ. ಇರುವ ಒಂದೇ ಅಂಗಡಿ ಅಲ್ಲಿಗೆ ಮದುವೆಯಾಗಿ ಬಂದ ಥಾಯ್ ಹೆಂಗಸಿನದು. ನನ್ನ ಮುಖ ಕಂಡದ್ದೇ ಕೇಳದೆಯೇ ಒಂದು ಹಿಡಿ ಮೆಣಸಿನಕಾಯಿ ಕೊಟ್ಟಳು. ಶಾಲೆಯಲ್ಲಿ ಒಂದೇ ಕೋಣೆಗೆ ಬಾಗಿಲು ತೆರೆದಿತ್ತು.

ಬಾಗಿಲುಗಳ ಹತ್ತಿರ ಹೋದಾಗ ನಿಮ್ಮ ಪಾಠ ಕೈಗೆ ಬಂತು. ಅಲ್ಲಿಯೂ ನಮ್ಮ ಹಾಗೆಯೇ ಪಾದರಕ್ಷೆ ಬಿಚ್ಚಿ ಒಳಗೆ ಹೋಗುವವರು. ಪ್ರತಿ ಮನೆಯ ಮುಂಗೋಣೆಯಲ್ಲಿ ಬೂಟುಗಳ ಸಾಲು. ಕೇಳಿಕೊಂಡು, ಒಂದೊಂದೇ ಜೋಡಿ ಮಗುಚುತ್ತಾ ಹೋದೆ. ಎಷ್ಟೋ ಬೂಟುಗಳು ಒಣಒಣ, ಒಳಗೆ ಹಳೆಯ ಪತ್ರಿಕೆಯ ಉಂಡೆ ತುರುಕಿದ್ದಾರೆ. ಹೋದವರ ಬೂಟುಗಳು! ನನಗೆ ಒಂದು ಗಳಿಗೆ ಹಾಯೆನಿಸಿತು. ಮೇಷ್ಟ್ರು ಮೋಸ ಮಾಡಿಲ್ಲ, ಈ ಬೂಟುಗಳನ್ನು ನೋಡಿ ಮೋಸ ಹೋಗಿದ್ದಾರೆ ಅಂದುಕೊಂಡೆ. ಮರುಗಳಿಗೆಗೆ ಅನುಮಾನ ಮತ್ತೆ ತಲೆಯೆತ್ತಿತು. ಟೋವಾ ಪಾಯೋದಲ್ಲಿ ಗುರುತು ಪರಿಚಯವಿಲ್ಲದ ಅಜ್ಜಿಯ ಚಪ್ಪಲಿ ಮಗುಚಿದ ಮನುಷ್ಯ ಅಲ್ಲಿ ಮಗುಚದೆ ಬಿಟ್ಟನೇ?

ಸಮುದ್ರದ ಕಡೆಯ ಕೊನೆಯ ಹಳದಿ ಮನೆ ಹೆಲ್ಗಾ ಎಂಬಾಕೆಯದು, ನಿಮ್ಮ ಪುಸ್ತಕದಲ್ಲಿ ಮನೆಯ ಗುರುತಿನ ಮುಂದೆ “ಇಬ್ಬರು” ಅಂತಿತ್ತು. ಇದ್ದದ್ದು ಆಕೆ ಒಬ್ಬಳೇ. ನಾನು ದೊಡ್ಡ ಜೋಡಿಯೊಂದನ್ನು ಮಗುಚುತ್ತಿದ್ದಾಗ ಆಕೆ ಬಾಗಿಲಿಗೆ ಒರಗಿ ನಿಂತು ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ್ದು, ನಮ್ಮ ಮಾತಿನಲ್ಲಿ ಬರೆದರೆ ಹೀಗೆ: “ಅದನ್ನ ಆ ಮುದುಕಪ್ಪನೂ ಹೀಗೇ ಮಗುಚಿ ನೋಡಿದ್ದ.”

“ನೋಡಿ ಏನಂದ್ರು?”

“ಯಾರದು ಅಂದ. ಮಗಂದು ಅಂದೆ. ಎಲ್ಲಿ ಅಂದ. ಗಣಿ ಮುಚ್ಚಿದ ಮೇಲೆ ದಕ್ಷಿಣಕ್ಕೆ ಹೋಗಿದ್ದಾನೆ, ಮೀನಿನ ಕಾಲಕ್ಕೆ ಬರ್ತಾನೆ ಅಂದೆ. ನಮ್ಮಮ್ಮನೂ ಹೀಗೇ ಹೇಳ್ತಿದ್ಲು ಅಂದ. ಬೂಟನ್ನ ಮೊದಲಿದ್ದ ಹಾಗೇ ಜೋಡಿಸಿಟ್ಟು, ಪುಸ್ತಕ ತೆಗೆದು ಬರಕೊಂಡ.”

“ಮಗ ಬಂದನೇ?”

“ಇನ್ನೂ ಇಲ್ಲ” ಅಂದಳು, ಹೋದ ವಾರ ತಾನೇ ಹೊರಟವನ ಬಗ್ಗೆ ಹೇಳುವ ಹಾಗೆ. ಆಮೇಲೆ, “ಆ ಮುದುಕಪ್ಪ ತೆಳ್ಳಗಿನ ಜಾಕೆಟ್ಟಿನಲ್ಲಿ ಗಡಗಡ ನಡುಗ್ತಿದ್ದ. ಮಗನ ಕೆಲಸದ ಕೋಟು ಕೊಟ್ಟು ಕಳಿಸಿದೆ. ನೀಲಿದು. ಅವನಿಗೆ ಹೇಳು, ಮಗ ಬಂದರೆ ಕೇಳ್ತಾನೆ” ಅಂದಳು. ನೀವು ತೀರಿಕೊಂಡಿದ್ದೀರಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಕಳಿಸುತ್ತೇನೆ ಅಂದೆ.

ಆ ಮುಂಗೋಣೆಯಲ್ಲೇ ಕೂತು ಅತ್ತೆ ಮೇಷ್ಟ್ರೇ. ಅಳುತ್ತಲೇ ಸಿಟ್ಟೂ ಬಂತು. “ಏನ್ ಮಾಡಿಟ್ಟೀರಿ ಸರ ಇದನ್ನ? ಹಿಂಗ್ ಬರೀತಾರೇನ್ರೀ ಯಾರರೆ?” ಅಂತ ನಮ್ಮ ಬಾಗಲಕೋಟೆಯ ಮಾತು ಜೋರಾಗಿಯೇ ಹೊರಬಿತ್ತು. ಸಿಟ್ಟು ಬಂದಾಗ ಮಾತ್ರ ನನ್ನ ಊರು ಬಾಯಿಗೆ ಬರುತ್ತದೆ ಅಂತ ನೀವು ಛೇಡಿಸುತ್ತಿದ್ದಿರಲ್ಲ. ಹೆಲ್ಗಾ ಅದನ್ನು ಪ್ರಾರ್ಥನೆ ಅಂದುಕೊಂಡಳೋ ಏನೋ, ಹೆಗಲ ಮೇಲೆ ಕೈಯಿಟ್ಟು ಮುಗಿಯುವವರೆಗೂ ಕಾದಳು.

ನಿಮ್ಮ ರೇಷನ್ ಕಾರ್ಡಿನ ಕತೆ ಆಗ ನೆನಪಾಯಿತು. ಒಮ್ಮೆ ಕಾಫಿ ಕುಡಿಯುತ್ತಾ ಹೇಳಿದ್ದಿರಿ. ನೀವು ಮೈಸೂರು ಬಿಟ್ಟು ಎಷ್ಟೋ ವರ್ಷವಾದರೂ ನಿಮ್ಮ ತಾಯಿ ಕಾರ್ಡಿನಿಂದ ನಿಮ್ಮ ಹೆಸರು ತೆಗೆಸಲು ಒಪ್ಪಲಿಲ್ಲವಂತೆ. ಅಂಗಡಿಯವನು, “ಅಜ್ಜಮ್ಮ, ಮಗ ಫಾರಿನ್ನಲ್ಲವ್ನೆ, ಸಕ್ಕರೆ ಯಾರಿಗೆ?” ಅಂದರೆ, “ದಸರೆಗೆ ಬತ್ತಾನೆ, ನೀನು ಬರ್ಕೊ” ಅನ್ನುತ್ತಿದ್ದರಂತೆ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ನೀವು ನಕ್ಕಿರೇ? ಎಷ್ಟು ಜ್ಞಾಪಿಸಿಕೊಂಡರೂ ನಿಮ್ಮ ಮುಖ ನೆನಪಾಗುತ್ತಿಲ್ಲ. ಅಲ್ಲಿ, ಭೂಮಿಯ ತುದಿಯ ಹಳದಿ ಮನೆಯಲ್ಲಿ, ಒಬ್ಬ ತಾಯಿ ಬರ್ತಾನೆ ಅಂದಳು, ನೀವು ಆ ಅಂಗಡಿಯವನ ಹಾಗೆ ಬರೆದುಕೊಂಡಿರಿ. ಒಂದು ಮನೆಯಲ್ಲಿ ಹಾಗೆ ಬರೆದ ಮೇಲೆ ಪಕ್ಕದ ಮನೆಯ ತಾಯಿಗೆ ಇಲ್ಲ ಅನ್ನುವುದು ಹೇಗೆ?

ಲಂಚದ ಅನುಮಾನ ಅಲ್ಲಿಗೇ ಸತ್ತುಹೋಯಿತು, ಕ್ಷಮಿಸಿ. ಆದರೆ ನೀವು ಸುಳ್ಳು ಬರೆದದ್ದಂತೂ ನಿಜ. ತಿಳಿದೂ ತಿಳಿದೂ. ಅದನ್ನು ನಾನು ಹಾಗೇ ಬಿಡಲಿಲ್ಲ, ಬಿಟ್ಟಿದ್ದರೆ ನೀವೇ ನನ್ನನ್ನು ಬೈಯುತ್ತಿದ್ದಿರಿ. ಇದ್ದವರನ್ನಷ್ಟೇ ಎಣಿಸಿ ಬರೆದೆ. ಕೆಳಗೆ ಒಂದು ಟಿಪ್ಪಣಿ ಹಾಕಿದೆ: ಹಿಂದಿನ ಎಣಿಕೆಯಲ್ಲಿ, ಮನೆಯವರು ಹಾದಿ ಕಾಯುತ್ತಿರುವವರನ್ನೂ ಸೇರಿಸಲಾಗಿತ್ತು. ಈಗಿನ ಬಾಸ್ ಅದನ್ನು ಓದಿ, “ಗಿರಿಜಾ, ವೇಟಿಂಗ್ ಈಸ್ ನಾಟ್ ಎ ಕ್ಯಾಟಗರಿ ಲಾ” ಅಂದರು. ತೆಗೆಯುವುದಾದರೆ ನನ್ನ ಹೆಸರನ್ನೂ ತೆಗೆಯಿರಿ ಅಂದೆ. ಟಿಪ್ಪಣಿ ಉಳಿಯಿತು. ಬಂದರು ಮಾತ್ರ ಬೇರೆ ಊರಿಗೆ ಹೋಗುತ್ತದೆಯಂತೆ, ಶಾಲೆಯನ್ನು ಕೊಲ್ಲಿಯ ಆಚೆಯ ಶಾಲೆಗೆ ಸೇರಿಸುವ ಮಾತು ನಡೆದಿದೆಯಂತೆ. ನಿಮ್ಮ ಸುಳ್ಳಿನಿಂದ ಆ ಒಂದು ಕೋಣೆ ಇಷ್ಟು ದಿನ ಉಳಿದಿತ್ತೇ? ನನ್ನ ನಿಜದಿಂದ ಮುಚ್ಚುತ್ತದೆಯೇ? ಯಾರನ್ನು ಕೇಳಲಿ?

ಕೋಟು ತರಲು ಮೊನ್ನೆ ಭಾನುವಾರ ಬುಕಿತ್ ಬಾಟೋಕಿಗೆ ಹೋಗಿದ್ದೆ. ಬೆಳಗ್ಗೆ ಜೋರು ಮಳೆ ಬಂದು ನಿಂತಿತ್ತು. ಕಮಲಾ ಆಂಟಿ ಕೋಟನ್ನು ನುಸಿಗುಳಿಗೆ ಹಾಕಿ ಮಡಿಸಿಟ್ಟಿದ್ದರು, ಕತೆ ಕೇಳಿ, “ಪಾಪ, ಬೇಗ ಕಳಿಸಿಬಿಡಮ್ಮ. ಆ ಹುಡುಗ ಬಂದುಬಿಟ್ರೆ?” ಅಂದರು. ಹೊರಡುವಾಗ ಕಾರಿಡಾರಿನ ಸ್ಟ್ಯಾಂಡಿನಲ್ಲಿ ನಿಮ್ಮ ಕಂದು ಚಪ್ಪಲಿ ಕಂಡಿತು. ನಮ್ಮಲ್ಲಿ ಹೋದವರ ಚಪ್ಪಲಿ ಬಾಗಿಲಲ್ಲಿ ಇಡುವ ರೂಢಿ ಎಲ್ಲಿದೆ?

“ಇನ್ನೂ ಇಟ್ಟಿದೀರಾ ಆಂಟಿ?”

“ಇರ್ಲಿ ಬಿಡಮ್ಮ. ಒಬ್ಬಳೇ ಇದೀನಿ ಅಂತ ಹೋಗೋ ಬರೋರಿಗೆಲ್ಲ ಯಾಕೆ ಗೊತ್ತಾಗ್ಬೇಕು” ಅಂದು, ನನಗೆ ಕಟ್ಟಿಕೊಡಲು ಪುಳಿಯೋಗರೆ ಗೊಜ್ಜು ತರುತ್ತೇನೆಂದು ಒಳಗೆ ಹೋದರು.

ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಕುಕ್ಕರುಗಾಲಿನಲ್ಲಿ ಕೂತು ಮಗುಚಿ ನೋಡಿದೆ. ಅಟ್ಟೆ ಒದ್ದೆಯಾಗಿತ್ತು. ಹಿಮ್ಮಡಿಯ ಹತ್ತಿರ ಒಂದು ಹಳದಿ ಎಸಳು ಅಂಟಿಕೊಂಡಿತ್ತು. ಅಷ್ಟರಲ್ಲಿ ಆಂಟಿ ಡಬ್ಬಿ ಹಿಡಿದು ಬಂದು, “ನೀನೂ ಅವರ ಥರಾನೇ ಆದ್ಯಲ್ಲೇ” ಅಂತ ನಕ್ಕರು. “ನಾನೇ ಮಾರ್ಕೆಟ್ಟಿಗೆ ಹಾಕ್ಕೊಂಡು ಹೋಗಿದ್ದೆ. ದಿನಾ ಹಾಕ್ಕೋತೀನಿ. ದೊಡ್ಡದಾಗುತ್ತೆ, ಆದ್ರೂ…” ಅಂದವರು ಡಬ್ಬಿಯನ್ನು ನನ್ನ ಕೈಗಿಟ್ಟರು.

ಕೋಟು ನಿನ್ನೆ ಟೋವಾ ಪಾಯೋ ಅಂಚೆ ಕಚೇರಿಯಿಂದ ಹೊರಟಿತು, ಅದನ್ನು ತಿಳಿಸಲೆಂದೇ ಈ ಕಾಗದ ಶುರು ಮಾಡಿದ್ದೆ. ಇನ್ನೊಂದು ಸುದ್ದಿಯೂ ಇದೆ. ಅಟ್ಟೆ ಒದ್ದೆ ಇದ್ದರೆ ಇದ್ದಾರೆ ಅಂತ ಬರಿ ಅಂದವರು ನೀವೇ ತಾನೇ? ಬುಕಿತ್ ಬಾಟೋಕಿನ ಆ ಮನೆಯಲ್ಲಿ ಇಬ್ಬರಿದ್ದಾರೆ ಮೇಷ್ಟ್ರೇ. ನಾನೇ ಮಗುಚಿ ನೋಡಿ ಬಂದಿದ್ದೇನೆ.

ನಿಮ್ಮ ಅನುಮಾನದ ಶಿಷ್ಯೆ,
ಗಿರಿಜಾ